ಖಾನಾಪುರದ ಲೈನು ಕೂಡಿಸಿದ ದಿನ

ನೆಟ್‌ವರ್ಕಿನ ದೊಡ್ಡ ಕೆಲಸವನ್ನು ಊರು ಮಲಗಿದ ಮೇಲೆ ಮಾಡಬೇಕು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ. ತಪ್ಪಾದರೆ ಬೆಳಗಾಗುವುದರೊಳಗೆ ಮುಚ್ಚಿಹಾಕಿ, ಸಂಭಾವಿತರ ಹಾಗೆ ಚಹಾ ಕುಡಿಯಬಹುದು. ಇದನ್ನು ಗೌರಕ್ಕನಿಗೆ ಎಷ್ಟು ಬಿಡಿಸಿ ಹೇಳಿದರೂ ಆಕೆ ಜಪ್ಪಯ್ಯ ಅನ್ನಲಿಲ್ಲ.

"ಕಳ್ಳರಂಗ ರಾತ್ರಿ ಯಾಕ ತಂಗಿ? ಎರಡು ಮನಿ ಕೂಡಸೂದು ಹಗಲಾಗ, ನಾಕು ಮಂದಿ ಮುಂದ ಆಗಬೇಕು. ನಾ ಬೆಳಗಾವಿಗೆ ಬಂದು ನಿನ್ನ ಬಾಜೂಕ ಕುಂದರ್ತೀನಿ. ನಮ್ಮತ್ತಿ ಖಾನಾಪುರದಾಗ ವಿಡಿಯೋ ಹಚ್ಚಿ ಕುಂದರ್ತಾರ. ನೀ ಕೆಲಸ ಮಾಡೂವಾಗ ಅವರ ಮಾತು ತುಂಡಾಗಬಾರದು. ತುಂಡಾತು ಅಂದ್ರ, ನಿಮ್ಮ ಲೈನು ನಿಮಗ, ನಮ್ಮ ಲೈನು ನಮಗ."

ಹೀಗೆ ನನ್ನ ಎರಡು ವರ್ಷದ ಆಸೆ ಎಂಬತ್ತು ದಾಟಿದ ಒಬ್ಬ ಅಜ್ಜಿಯ ನಾಲಿಗೆಯ ಮೇಲೆ ಹೋಗಿ ಕುಳಿತಿತು.

ನಾನು ಮಹೇಕ. ರವಿವಾರ ಪೇಟೆಯಲ್ಲಿ ಸಗಟು ಅಂಗಡಿಗಳ ಸಾಲಿನ ಮೇಲೆ, ಮೂರನೇ ಅಂತಸ್ತಿನಲ್ಲಿ, ಅಮೀನಸಾಬರ ಇಂಟರ್ನೆಟ್ ಆಫೀಸಿದೆ. ಅವರು ಯಜಮಾನರು, ನಾನು ಅವರನ್ನು ಚಾಚಾ ಅನ್ನುತ್ತೇನೆ. ನೆಟ್‌ವರ್ಕಿನ ಜವಾಬ್ದಾರಿ ಪೂರಾ ನನ್ನದು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯಲ್ಲಿ ಅಮ್ಮಿ ದೂರುತ್ತಾಳೆ. ಕೆಳಗಿನ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದಾಗಲೆಲ್ಲ ಮೇಲೆ ನಾವು ಸಾಲಾಗಿ ಸೀನುತ್ತೇವೆ. ಅಂಥ ಜಾಗದಲ್ಲಿ ದಿನವಿಡೀ ಕೂತವಳ ಸಿಟ್ಟು ಇನ್ನೆಲ್ಲಿರಬೇಕು?

ಗೌರಕ್ಕ ಅಂದರೆ ಖಾನಾಪುರದ ಗೌರವ್ವ. ಅಲ್ಲಿಯ ಇಂಟರ್ನೆಟ್ ಲೈನೆಲ್ಲ ಆಕೆಯದು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಕ್ಕೆ ಆನಿಸಿದ ಏಣಿಯನ್ನು ತಾನೇ ಹಿಡಿದು ನಿಂತು ಹುಡುಗರಿಂದ ಕೆಲಸ ಮಾಡಿಸುವ ಹೆಂಗಸು. ಆ ಲೈನು ಎಳೆದವನು ಆಕೆಯ ಗಂಡ ಸೋಮಲಿಂಗ. ಅವನೂ ನಮ್ಮ ಚಾಚಾನೂ ಹರೆಯದಲ್ಲಿ ಜೀವದ ಗೆಳೆಯರು. ಇಬ್ಬರೂ ಸೇರಿಯೇ ಕೇಬಲ್ ಟಿವಿ ಶುರುಮಾಡಿದ್ದು. ಆಮೇಲೆ ಯಾವುದೋ ಕ್ರಿಕೆಟ್ ಫೈನಲ್ಲಿನ ದಿನ, ಕೊನೆಯ ಓವರು ನಡೆದಾಗ, ಖಾನಾಪುರಕ್ಕೆಲ್ಲ ಟಿವಿ ಹೋಯಿತು. ನೀನೇ ಬಂದ್ ಮಾಡಿದೆ ಅಂತ ಸೋಮಲಿಂಗ, ಮಂಗ ವಯರು ಕಡಿದಿದೆ ಅಂತ ಚಾಚಾ. ಕಡಿದದ್ದು ಮಂಗವೋ ಮನುಷ್ಯನೋ ಇವತ್ತಿಗೂ ಗೊತ್ತಿಲ್ಲ. ಮಾತು ಮಾತ್ರ ಅಲ್ಲಿಗೆ ನಿಂತಿತು. ಖಾನಾಪುರ ಸೋಮಲಿಂಗನಿಗೆ, ಬೆಳಗಾವಿ ಅಮೀನಸಾಬರಿಗೆ ಎಂದು ಬೇರೆಯಾಯಿತು. ಇಂಥ ಹುಚ್ಚುತನ ಗಂಡಸರಿಗೇ ಸಾಧ್ಯ ಅಂತ ನನ್ನ ಅಭಿಪ್ರಾಯ. ಸೋಮಲಿಂಗ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಮಣ್ಣಿನ ದಿನ ಖಾನಾಪುರಕ್ಕೆ ಹೋದ ಚಾಚಾ ಎಲ್ಲರ ಹಿಂದೆ ನಿಂತು, ಯಾರನ್ನೂ ಮಾತಾಡಿಸದೆ ವಾಪಸು ಬಂದರಂತೆ.

ನನಗೆ ಖಾನಾಪುರ ಬೇಕಿತ್ತು. ಕಾರಣ ಸರಳ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವುದು ರಸ್ತೆ ಬದಿಯ ಒಂದೇ ಕೇಬಲ್ಲು. ಜೆಸಿಬಿಯವನು ಗುಂಡಿ ತೋಡಿದಾಗಲೆಲ್ಲ ಅದು ಹರಿಯುತ್ತದೆ. ಬೆಳಗಾವಿಯ ಅಂಚಿನ ನಮ್ಮ ಹಿಂಡಲಗಾದ ಕತೆಯೂ ಅದೇ, ಒಂದೇ ವಯರಿಗೆ ಜೋತುಬಿದ್ದಿದೆ. ಹಿಂಡಲಗಾದಿಂದ ಜಾಂಬೋಟಿ ರಸ್ತೆಯ ಗುಡ್ಡದ ಮೇಲೆ ಡಿಶ್ ಕೂರಿಸಿ ಖಾನಾಪುರಕ್ಕೆ ಮುಟ್ಟಿಸಿದರೆ ಪೇಟೆ, ಹಿಂಡಲಗಾ, ಖಾನಾಪುರ ಮೂರೂ ಸೇರಿ ಒಂದು ಉಂಗುರವಾಗುತ್ತದೆ. ಒಂದು ಕಡೆ ಹರಿದರೆ ಇನ್ನೊಂದು ಕಡೆಯಿಂದ ಹೋಗಬಹುದು. ಡಿಶ್ಶೂ ಕೂರಿಸಿ, ರಸ್ತೆಯ ಕೇಬಲ್ಲಿನ ಈ ಕಡೆಯ ತುದಿಯನ್ನೂ ನಮ್ಮ ಪೇಟೆಯ ಆಫೀಸಿಗೆ ತಂದು ಸಿಕ್ಕಿಸಿ ಆಗಿತ್ತು. ಉಳಿದದ್ದು ಪೆಟ್ಟಿಗೆಗಳಿಗೆ, ಅಂದರೆ ದಾರಿ ತೋರಿಸುವ ರೌಟರುಗಳಿಗೆ, ಹೊಸ ಪದ್ಧತಿ ಕಲಿಸುವುದು.

ಗೌರಕ್ಕನಿಗೆ ಬೇಕಾಗಿದ್ದು ಬೇರೆ. ಅದನ್ನು ಆಕೆ ಖಾನಾಪುರದ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ನೇರವಾಗಿಯೇ ಹೇಳಿದ್ದಳು. "ಕೂಡೂದಂದ್ರ ಕರಗೂದಲ್ಲ ನೋಡ ಮಹೇಕ. ಮಳ್ಯಾಗ ಬಿಸಲಾಗ ಕಂಬ ಹತ್ತಿ ನಮ್ಮ ಮನಿಯವರು ಹಾಕಿದ ಲೈನಿದು. ನಾಳೆ ಎಲ್ಲಾ ಬೆಳಗಾವ್ಯಾಗ ಸೇರಿ ಹೋದ್ರ, ಅವರೊಬ್ಬರು ಇದ್ರು ಅನ್ನೂದ ಉಳಿಯೂದಿಲ್ಲ. ಸಾಬ್ರ ಬಾಯಾಗ ಇಷ್ಟು ದಿನದಾಗ ಒಮ್ಮೆರೆ ಅವರ ಹೆಸರು ಬಂದೈತೇನು?"

ಬಂದಿರಲಿಲ್ಲ. ಅಷ್ಟೇ ಅಲ್ಲ, ಚಾಚಾ ಗೌರಕ್ಕನನ್ನು ಸಹ ಸರಕಾರಿ ಆಫೀಸಿನವರ ಹಾಗೆ "ಗೌರವ್ವಾರ, ಗೌರವ್ವಾರ" ಅಂತಲೇ ಮಾತಾಡಿಸುತ್ತಿದ್ದರು.

ಅವತ್ತು ಆಕೆಗೆ ಎರಡು ಪದ್ಧತಿಗಳ ಫರಕನ್ನೂ ಹೇಳಿದೆ. ಹಳೆಯದರ ಹೆಸರು ರಿಪ್. ಅದರಲ್ಲಿ ಯಾವ ರೌಟರಿಗೂ ಇಡೀ ಊರು ಗೊತ್ತಿರುವುದಿಲ್ಲ. ಪಕ್ಕದವನು "ಆ ಓಣಿಗೆ ನನ್ನ ಕಡೆಯಿಂದ ಹೋಗು, ಮೂರೇ ಮನೆ" ಅಂದದ್ದನ್ನು ಇದು ನಂಬಿ ಮುಂದಿನವನಿಗೆ ಹೇಳುತ್ತದೆ. ಎಲ್ಲವೂ ಕೇಳಿದ ಸುದ್ದಿ. ದಾರಿ ಹರಿದ ಸುದ್ದಿ ಎಲ್ಲರಿಗೂ ಮುಟ್ಟುವುದರೊಳಗೆ ಜನ ನಮಗೆ ಫೋನು ಮಾಡಿ ಬೈದು ಮುಗಿಸಿರುತ್ತಾರೆ. ಹೊಸದರ ಹೆಸರು ಓಎಸ್‌ಪಿಎಫ್. ಅದರಲ್ಲಿ ಪ್ರತಿ ರೌಟರು ತನ್ನ ಹೆಸರು ಹೇಳಿ, ತನ್ನ ಮನೆಯ ಬಾಗಿಲು ಯಾವ ಯಾವ ಕಡೆ ತೆರೆದಿವೆ ಅನ್ನುವುದನ್ನಷ್ಟೇ ಡಂಗುರ ಸಾರುತ್ತದೆ. ಅದನ್ನು ಕೇಳಿಸಿಕೊಂಡು ಎಲ್ಲರೂ ಇಡೀ ಊರಿನ ನಕಾಶೆಯನ್ನು ತಾವೇ ಬರೆದುಕೊಳ್ಳುತ್ತಾರೆ.

"ಅಂದ್ರ ಹಳೇದು ನಮ್ಮತ್ತಿ ಇದ್ದಂಗ" ಅಂದಳು ಗೌರಕ್ಕ. ಅಷ್ಟು ಚೆನ್ನಾಗಿ ನನಗೆ ಕಾಲೇಜಿನಲ್ಲಿ ಯಾರೂ ತಿಳಿಸಿರಲಿಲ್ಲ.

ಒಂದು ವಾರ ಎರಡೂ ಪದ್ಧತಿಗಳನ್ನು ಜೊತೆಯಲ್ಲೇ ಓಡಿಸಿದೆವು. ನಮ್ಮ ಕಡೆಯ ಮನೆಗಳಲ್ಲಿ ಕನ್ನಡವೂ ಮರಾಠಿಯೂ ಕೂಡಿಯೇ ನಡೆಯುವ ಹಾಗೆ. ಆದರೆ ನಂಬುವುದು ಮಾತ್ರ ಹಳೆಯದನ್ನು. ಹೊಸದು ಕೇಳಿಸಿಕೊಂಡು ನಕಾಶೆ ಬರೆಯಲಿ, ಬಾಯಿ ಹಾಕುವುದು ಬೇಡ ಅಂತ ಹೇಳಿಟ್ಟಿದ್ದೆ. ಹಿಂದಿನ ದಿನ ಸಂಜೆ ನೋಡಿದಾಗ ನಕಾಶೆ ಚಿತ್ರ ಬರೆದಂತೆ ಇತ್ತು. ಇನ್ನು ಒಂದೊಂದೇ ರೌಟರಿಗೆ "ಇವತ್ತಿನಿಂದ ಹೊಸದನ್ನು ನಂಬು" ಅನ್ನುವುದು, ಎಲ್ಲ ಸರಿಯಿದ್ದರೆ ಹಳೆಯದನ್ನು ತೆಗೆಯುವುದು, ಇಷ್ಟೇ ಬಾಕಿ.

ಗೌರಕ್ಕ ಬೆಳಗಿನ ಬಸ್ಸಿಗೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಬಂದಳು. ಚಾಚಾ ಕುಂದಾ ತರಿಸಿ ಇಟ್ಟಿದ್ದರು. ಬೀಗರ ಮನೆಗೆ ಬಂದವರ ಹಾಗೆ ಇಬ್ಬರೂ ಎದುರುಬದುರು ಕೂತು, ಹವೆಯ ಬಗ್ಗೆ ಒಂದು ಮಾತು, ಬಸ್ಸಿನ ಬಗ್ಗೆ ಒಂದು ಮಾತು ಆಡಿ ಮುಗಿಸಿದರು. ನನ್ನ ಕೈಕೆಳಗಿನ ಫೈಜಾನ ಎರಡೂ ಕಡೆಯ ಸಿಹಿಯನ್ನು ಭೇದವಿಲ್ಲದೆ ತಿನ್ನುತ್ತಿದ್ದ. ಖಾನಾಪುರದ ರೌಟರಿನ ಹತ್ತಿರ ಗೌರಕ್ಕನ ಕೆಲಸಗಾರ ವಿನಯ ಫೋನಿನಲ್ಲಿ ತಯಾರಾಗಿದ್ದ. ಆಫೀಸಿನ ವೈಫೈಗೆ ಕೂಡಿಸಿದ ಗೌರಕ್ಕನ ಮೊಬೈಲಿನಲ್ಲಿ ಅತ್ತೆ ಭರಮವ್ವ, ಸೋಮಲಿಂಗನ ತಾಯಿ, ಅವರೆಕಾಯಿ ಸುಲಿಯುತ್ತ ಆಗಲೇ ಶುರುಮಾಡಿದ್ದಳು.

"ಬಾಜೂ ಮನಿ ಬಾಳಾಸಾಹೇಬನ ಎಮ್ಮಿ ಮಾಳಗಿ ಏರಿತ್ತು ನೋಡ್ರಿ! ಏರಾಕ ಏರಿತು, ಇಳಿಯಾಕ ಒಲ್ಲೆ ಅಂತೈತಿ. ಓಣಿ ಮಂದಿ ಎಲ್ಲಾ ಕೂಡಿತು..."

ಹಿಂಡಲಗಾದ ರೌಟರಿಗೆ ಮೊದಲು ಹೇಳಿದೆ. ಸರಿಹೋಯಿತು. ನಮ್ಮ ಪೇಟೆಯದಕ್ಕೆ ಹೇಳಿದೆ. ಎಮ್ಮೆ ಮಾಳಿಗೆಯ ಅಂಚಿಗೆ ಬಂದು ಕೆಳಗೆ ಇಣುಕಿತು. ಖಾನಾಪುರದ ರೌಟರಿಗೂ ಹೇಳಿ ಎಂಟರ್ ಒತ್ತಿದೆ.

"...ಆವಾಗ ಬಾಳಾಸಾಹೇಬನ ಹೇಂತಿ ಏನ ಮಾಡಿದ್ಲಂದ್ರ..."

ಭರಮವ್ವ ಬಾಯಿ ತೆರೆದವಳು ತೆರೆದ ಹಾಗೆಯೇ ನಿಂತುಬಿಟ್ಟಳು. ಕೈಯಲ್ಲಿ ಅರ್ಧ ಬಿಡಿಸಿದ ಅವರೆಕಾಯಿ. ಚಿತ್ರ ಮತ್ತೆ ಹೊರಟಿತು, ಎರಡು ಮಾತು ಬಂತು, ಮತ್ತೆ ನಿಂತಿತು. ಬಂತು, ನಿಂತಿತು. ಪರದೆಯ ಮೇಲೆ ಖಾನಾಪುರದ ದಾರಿ ಈಗಿದೆ, ಈಗಿಲ್ಲ. ಹಾಳಾಗಿ ಹೋಗಲಿ ಅಂತ ಬೈದುಕೊಂಡು ಎಲ್ಲ ರೌಟರುಗಳಿಗೂ "ಹಳೆಯದನ್ನೇ ನಂಬ್ರಪ್ಪಾ" ಎಂದು ತಿರುಗಿ ಹೇಳಿದೆ. ಚಿತ್ರ ಗಟ್ಟಿಯಾಯಿತು. ಭರಮವ್ವನಿಗೆ ಯಾವುದೂ ಗೊತ್ತಾದ ಹಾಗಿರಲಿಲ್ಲ. ಅಷ್ಟರಲ್ಲಿ ಎಮ್ಮೆ ಕೆಳಗೆ ನಿಂತು ಹಿಂಡಿ ತಿನ್ನುತ್ತಿತ್ತು. ಅದು ಹೇಗೆ ಇಳಿಯಿತೆಂಬುದು ಬೆಳಗಾವಿ ಖಾನಾಪುರದ ನಡುವೆ ಎಲ್ಲೋ ಬಿದ್ದುಹೋಗಿತ್ತು.

ಗೌರಕ್ಕ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ನನಗೆ ಪರಿಚಯದ ಭಾಷೆ ಅದು. ಆಕೆ ಸುಮ್ಮನೆ ಹೋಳಿಗೆಯ ಡಬ್ಬಿಯ ಮುಚ್ಚಳ ಹಾಕಿದಳು.

"ಇರಲಿ ತಂಗಿ. ನಿನ್ನ ತಪ್ಪಲ್ಲ. ನಮ್ಮ ಲೈನಿಗೆ ಕೂಡೂ ಮನಸ್ಸಿಲ್ಲ ಕಾಣಸ್ತೈತಿ."

"ಗೌರಕ್ಕಾರ, ಒಂದು ಚಹಾ ಕುಡಿಯೂ ತನಕ ಕುಂದರ್ರಿ. ನಿಮ್ಮ ಕಾಲು ಬೀಳ್ತೀನ್ರಿ" ಅಂದೆ. ನಾನು ಯಾರ ಕಾಲಿಗೂ ಬೀಳುವವಳಲ್ಲ ಅಂತ ಗೊತ್ತಿದ್ದುದರಿಂದಲೋ ಏನೋ ಆಕೆ ಕೂತಳು. ಚಾಚಾ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ನಕಾಶೆ ತೆಗೆದೆ. ಹಿಂದಿನ ದಿನ ಚೆಂದಾಗಿದ್ದದ್ದು ಇವತ್ತು ಹುಚ್ಚುಹಿಡಿದಂತಿತ್ತು. ಪೇಟೆಯ ರೌಟರಿಗೂ ಖಾನಾಪುರದ ರೌಟರಿಗೂ ಸೇರಿ ಒಂದೇ ಚುಕ್ಕಿ! ಅದು ಒಮ್ಮೆ ಪೇಟೆಯ ಬಾಗಿಲು ಹೇಳುತ್ತದೆ, ಮರುಗಳಿಗೆ ಖಾನಾಪುರದ ಬಾಗಿಲು ಹೇಳುತ್ತದೆ. ಹೊಸ ಪದ್ಧತಿಯಲ್ಲಿ ರೌಟರಿನ ಹೆಸರೆಂದರೆ ನಾಲ್ಕು ಅಂಕಿಯ ಒಂದು ನಂಬರು. ಯಾವುದಾದರೂ ಇರಬಹುದು, ಆದರೆ ಇಬ್ಬರಿಗೆ ಒಂದೇ ಇರಬಾರದು. ಇದ್ದರೆ ಇಬ್ಬರೂ ನಾನೇ ಅವನು, ನಾನೇ ಅವನು ಎಂದು ಕೂಗುತ್ತಾರೆ, ಕೇಳುವವರು ಯಾರನ್ನು ನಂಬಬೇಕು? ನಾನು ಎಲ್ಲರಿಗೂ ಬೇರೆ ಬೇರೆ ನಂಬರು ಕೊಟ್ಟಿದ್ದೆ. ಈಗ ನೋಡಿದರೆ ಎರಡೂ ಕಡೆ ಐದು, ಎರಡು, ಏಳು, ಮೂರು.

ಆಮೇಲೆ ನಾನು ಮಾಡಿದ ಗದ್ದಲ ಕೆಳಗಿನ ಅಂಗಡಿಯವರಿಗೂ ಕೇಳಿಸಿತಂತೆ.

"ಯಾರಲೇ ನಂಬರ್ ಬದಲಿ ಮಾಡಿದವರು? ಐದು ಎರಡು ಏಳು ಮೂರು ಅಂತ ಯಾರು ಹಾಕಿದ್ರಿ? ವಿನಯ! ಬಾಯಿ ಬಿಡು!"

ಫೋನಿನಿಂದ ವಿನಯನ ದನಿ ಸಣ್ಣಗೆ ಬಂತು. "ನಾನ ರೀ ಮೇಡಂ. ಮುಂಜಾನಿ ಪೂಜಾ ಮಾಡಿ ಹಾಕಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದೆ. ಗೌರಕ್ಕಾರು ಹಾಕಂದಿದ್ರು. ಬರೇ ಹೆಸರಿನ ನಂಬರ್ ಅಲ್ಲೇನ, ಏನಾಗತೈತಿ ಅಂದ್ಕೊಂಡೆ."

ಗೌರಕ್ಕ ತಲೆತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಪೇಟೀ ರೌಟರಿಗೆ?" ಫೈಜಾನನ ಕಡೆ ತಿರುಗಿದೆ. ಅವನ ಬಾಯಲ್ಲಿ ಕುಂದಾ ಇತ್ತು. ಅವನು ನನ್ನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡಿದ.

"ಅವನಿಗೆ ಬೈಬ್ಯಾಡವಾ. ಮುಂಜಾನಿ ನಾನ ಹೇಳಿ ಹಾಕ್ಸಿದ್ದು" ಅಂದರು ಚಾಚಾ, ಬೆನ್ನು ತಿರುಗಿಸಿಕೊಂಡೇ.

ಎಷ್ಟೋ ನಂಬರು ಇರುವಾಗ ಇಬ್ಬರೂ ಒಂದನ್ನೇ ಯಾಕೆ ಹಿಡಿದರು ಅಂತ ನನಗೆ ಬಗೆಹರಿಯಲೇ ಇಲ್ಲ. ಬಾಯಿ ತೆರೆಯುವಷ್ಟರಲ್ಲಿ ಗೌರಕ್ಕನ ಕೈಯೊಳಗಿನ ಮೊಬೈಲಿನಿಂದ ಭರಮವ್ವ ಮಾತಾಡಿದಳು. ಆಕೆಗೆ ನಮ್ಮ ಮಾತೆಲ್ಲ ಕೇಳಿಸಿತ್ತು.

"ಐದು ಎರಡು ಏಳು ಮೂರು? ಅದು ನಮ್ಮ ಸೋಮ್ಯಾನ ಗಾಡಿ ನಂಬರ್ ಅಲ್ಲೇನ?"

ಗೌರಕ್ಕ ಕತ್ತೆತ್ತಿ ಚಾಚಾನ ಬೆನ್ನು ನೋಡಿದಳು. ಆಮೇಲೆ ಕೇಳಿದಳು, "ನಿಮಗ ಆ ನಂಬರ್ ನೆನಪೈತೇನ್ರಿ?"

ಚಾಚಾ ತಿರುಗಿದರು. ಅವರ ಕಣ್ಣು ಕೆಂಪಾಗಿತ್ತು, ಅದಕ್ಕೆ ಮೆಣಸಿನಕಾಯಿಯ ನೆಪ ಹೇಳುವಂತೆಯೂ ಇರಲಿಲ್ಲ, ಅಂದು ಕೆಳಗೆ ಚೀಲ ಬಿಚ್ಚಿರಲಿಲ್ಲ.

"ಹೆಂಗ ಮರೀಲ್ರಿ ವೈನಿ? ಕೇಬಲ್ ಸುರುಳಿ ಕೊರಳಿಗೆ ಹಾಕ್ಕೊಂಡು ಆ ಗಾಡಿ ಹಿಂದ ಕುಂತಾವ ನಾನ. ಖಾನಾಪುರದ ಓಣಿ ಓಣಿ ತಿರಗೀವಿ. ದೇಸೂರ ದಾಟಿದ ಮ್ಯಾಲ ಪೆಟ್ರೋಲ್ ಮುಗದು ಇಬ್ಬರೂ ದೂಡಕೋತ ನಕ್ಕೋತ ಬಂದೀವಿ. ಖಾನಾಪುರ ಕಡೆ ಬಾಗಿಲ ಇರೂ ಪೆಟಗಿಗೆ ಅವನ ನಂಬರ್ ಇರಲಿ ಅನಸ್ತು. ಬಾಯಿಂದ ಹೇಳಾಕ ಇಷ್ಟು ವರ್ಷ ಆಗಲಿಲ್ಲ. ಯಾವ ಮಾರಿ ಇಟ್ಕೊಂಡು ಹೇಳಲಿ?"

ವೈನಿ. ಗೆಳೆಯನ ಹೆಂಡತಿಯನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಅವರ ಬಾಯಲ್ಲಿ ಆ ಶಬ್ದ ನಾನು ಮೊದಲ ಸಲ ಕೇಳಿದೆ.

"ನಾನೂ ಅದಕ್ಕ ಹಾಕ್ಸಿದ್ದೆ" ಅಂದಳು ಗೌರಕ್ಕ. "ನಿಮ್ಮದ್ರಾಗ ಕೂಡಿ ಹೋದ್ರೂ ಒಳಗ ಎಲ್ಯರೆ ಅವರ ಗುರುತು ಇರಲಿ ಅಂತ. ನಿಮಗ ಗೊತ್ತಾದ್ರ ತಗಸ್ತೀರಿ ಅಂದ್ಕೊಂಡು ಸುಮ್ಮ ಇದ್ದೆ." ಹೇಳುತ್ತ ಹೇಳುತ್ತ ಆಕೆ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದುಕೊಂಡು ನಗು. ಚಾಚಾ ನಕ್ಕರು. ಫೈಜಾನ ಕುಂದಾ ನುಂಗಿ ನಕ್ಕ. ಅತ್ತ ವಿನಯ ನಕ್ಕ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಒಬ್ಬ ಮನುಷ್ಯನನ್ನು ಇಬ್ಬರು ಇಷ್ಟು ಪ್ರೀತಿಸಿ ನನ್ನ ನೆಟ್‌ವರ್ಕ್ ಕೆಡಿಸಿದರಲ್ಲ ಅಂತ ನನಗೆ ಹೆಮ್ಮೆಯೇ ಆಯಿತು.

"ಏ ಅಮೀನಾ" ಅಂತ ಮೊಬೈಲಿನಿಂದ ಭರಮವ್ವ ಕೂಗಿದಳು. "ಮನಿಗೆ ಬಾರೋ ಒಮ್ಮೆ. ಎಷ್ಟ ವರ್ಷ ಆತು ನಿನ್ನ ಮಾರಿ ನೋಡಿ!"

"ಬರ್ತೀನಬೇ" ಅಂದರು ಚಾಚಾ, ಚಿಕ್ಕ ಹುಡುಗನ ದನಿಯಲ್ಲಿ.

ಆದರೂ ಕೆಲಸ ಕೆಲಸವೇ. "ಇಬ್ಬರಿಗೂ ಒಂದೇ ನಂಬರ್ ಕೊಡಾಕ ಬರೂದಿಲ್ಲ" ಅಂದೆ. "ಯಾರ ಕಡೆ ಇರಬೇಕು ನೀವ ಹೇಳ್ರಿ."

"ಖಾನಾಪುರಕ್ಕ ಇರಲಿ. ಅದು ಅವನ ಊರು" ಅಂದರು ಚಾಚಾ.

ಗೌರಕ್ಕ ಬೇಡವೆಂದು ತಲೆಯಾಡಿಸಿದಳು. "ಖಾನಾಪುರದಾಗ ಅವರನ್ನ ಕಲ್ಲು ಕಂಬ ಸೈತ ಬಲ್ಲವು. ಬೆಳಗಾವ್ಯಾಗ ಇರಲಿ, ನಿಮ್ಮ ಬಲ್ಲಿ. ನಮ್ಮ ಪೆಟಗಿಗೆ ಯಾವದರೆ ಒಂದು ನಂಬರ್ ಹಾಕ ತಂಗಿ."

ಹಾಕಿದೆ. ಈ ಸಲ ನಕಾಶೆಯನ್ನು ಎರಡೆರಡು ಸಲ ನೋಡಿ, ಮತ್ತೆ ಯಾರಾದರೂ ಪ್ರೀತಿ ತೋರಿಸುವ ವಿಚಾರದಲ್ಲಿದ್ದರೆ ಈಗಲೇ ಹೇಳಿಬಿಡಿ ಅಂತ ಎಲ್ಲರನ್ನೂ ಗದರಿಸಿ ಶುರುಮಾಡಿದೆ. ಹಿಂಡಲಗಾ, ಪೇಟೆ, ಖಾನಾಪುರ. ಮೂರೂ ಹೊಸ ನಕಾಶೆಯನ್ನು ನಂಬಿದವು. ಭರಮವ್ವ ಎಮ್ಮೆಯನ್ನು ಬಿಟ್ಟು ಎದುರುಮನೆಯ ನಿಶ್ಚಿತಾರ್ಥಕ್ಕೆ ಬಂದಿದ್ದಳು. ಹಳೆಯ ಪದ್ಧತಿಯನ್ನು ಒಂದೊಂದೇ ರೌಟರಿನಿಂದ ತೆಗೆದೆ. ನಿಶ್ಚಿತಾರ್ಥದ ಊಟದಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದೂ ಒಂದಕ್ಷರ ಬಿಡದೆ ಕೇಳಿಸಿತು.

"ಮುಗೀತ್ರಿ. ಕೂಡಿತು" ಅಂದೆ.

ಗೌರಕ್ಕ ಎದ್ದು ರೌಟರಿನ ಮುಂದೆ ಬಂದು ನಿಂತಳು. "ರಸ್ತಾದಾಗಿಂದ ಖಾನಾಪುರಕ್ಕ ಹೋಗೂ ವಯರ್ ಯಾವದು?"

ತೋರಿಸಿದೆ. ಹಳದಿ ಬಣ್ಣದ್ದು.

"ಅದು ಹರದ್ರ ಗುಡ್ಡದ ಕಡಿಂದ ಹೋಗತೈತಿ ಅಂದಿದ್ದೆಲ್ಲ?"

"ಹೌದ್ರಿ. ಆದ್ರ ಇವತ್ತ ಬ್ಯಾಡ್ರಿ ಗೌರಕ್ಕಾರ, ನಾಳೆ ಸಾವಕಾಶ..."

ಮಾತು ಮುಗಿಯುವ ಮೊದಲೇ ಆಕೆ ಹಳದಿ ವಯರಿಗೆ ಕೈಹಾಕಿದಳು. ಅತ್ತೆಯ ಮಾತು ತುಂಡಾದರೆ ನಿಮ್ಮ ಲೈನು ನಿಮಗೆ ಅಂದಿದ್ದ ಹೆಂಗಸು ತಾನೇ ಅದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ರೌಟರಿನ ಒಂದು ಹಸಿರು ದೀಪ ಆರಿತು. ನಾವೆಲ್ಲ ಮೊಬೈಲಿನ ಮೇಲೆ ಬಗ್ಗಿದೆವು. ಚಾಚಾನ ತುಟಿಗಳು ದುವಾ ಹೇಳುತ್ತಿದ್ದವು. ಭರಮವ್ವನ ಮುಖ ಒಂದು ಗಳಿಗೆ ಮಸುಕಾಯಿತು, ತಿಳಿಯಾಯಿತು. ಮಾತು ಮಾತ್ರ ಎಲ್ಲೂ ತುಂಡಾಗಲಿಲ್ಲ. ನಿಶ್ಚಿತಾರ್ಥದ ಸೀರೆಯ ಬಣ್ಣ ಹೇಳುತ್ತಿದ್ದ ಅಜ್ಜಿ ಈ ಕಡೆ ಯಾರೂ ಹೂಂಗುಟ್ಟದಿರುವುದನ್ನು ಕಂಡು ತಾನೇ ನಿಲ್ಲಿಸಿದಳು.

"ಯಾಕ, ಎಲ್ಲಾರೂ ಒಮ್ಮಿಂದೊಮ್ಮೆ ಗಪ್ಪಾದ್ರಿ? ಏನಾತ?"

ಗೌರಕ್ಕ ಕಿತ್ತ ವಯರನ್ನು ಎದೆಗೆ ಒತ್ತಿಕೊಂಡಿದ್ದಳು. "ಏನೂ ಆಗಿಲ್ಲತ್ತಿ" ಅಂದಳು, ಅಳುತ್ತ, ನಗುತ್ತ. "ಏನಂದ್ರ ಏನೂ ಆಗಿಲ್ಲ. ನೀವು ಹೇಳ್ರಿ."